ಗದ್ದೆಯ ಕೆಸರು, ಹೊಟ್ಟೆಯ ನೀರು

ಜುಲೈ ತಿಂಗಳು. ಕುಮಟಾ ಕಡೆಯ ಹಳ್ಳಿಯಿಂದ ಬಂದ ಅಕ್ಕ ಚೀಲದಿಂದ ಡಯಾಲಿಸಿಸ್ ಬ್ಯಾಗ್ ತೆಗೆದು ಮೇಜಿನ ಮೇಲಿಟ್ಟರು. ಹೊಟ್ಟೆಯಿಂದ ಇಳಿಸಿದ ನೀರು ಅಕ್ಕಚ್ಚಿನ ಹಾಗಿತ್ತು. ಬ್ಯಾಗಿನಡಿ ಪೇಪರ್ ಇಟ್ಟು ನೋಡಿದೆ, ಒಂದಕ್ಷರವೂ ಕಾಣಲಿಲ್ಲ. ಕಿಡ್ನಿ ಕೈಕೊಟ್ಟ ಮೇಲೆ ಎರಡು ವರ್ಷದಿಂದ ಮನೆಯಲ್ಲೇ ಪೆರಿಟೋನಿಯಲ್ ಡಯಾಲಿಸಿಸ್ (ಟ್ಯೂಬಿನಿಂದ ಹೊಟ್ಟೆಗೆ ದ್ರವ ತುಂಬಿಸಿ, ಇಳಿಸಿ ರಕ್ತದ ಕಲ್ಮಶ ತೆಗೆಯುವುದು) ಮಾಡಿಕೊಳ್ಳುವವರು. ಸಕ್ಕರೆ ಕಾಯಿಲೆಯೂ ಇದೆ.

ಆ ನೀರಿನಲ್ಲಿ ಬಿಳಿ ರಕ್ತಕಣ ಮೈಕ್ರೋಲೀಟರಿಗೆ 100 ದಾಟಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನ್ಯೂಟ್ರೋಫಿಲ್ ಎಂಬ ಬಗೆಯವು ಇದ್ದರೆ ಸೋಂಕು ಅಂತ ಲೆಕ್ಕ. ಇವರಿಗೆ 2,400 ಇತ್ತು. ಯಾವ ರೋಗಾಣು ಎಂದು ಬೆಳೆಸಿ ನೋಡಲು ನೀರನ್ನು ಬ್ಲಡ್ ಕಲ್ಚರ್ ಬಾಟಲಿಗೆ ಹಾಕಿ ಲ್ಯಾಬಿಗೆ ಕಳಿಸಿದೆ. ಸೆಫಜೋಲಿನ್, ಜೆಂಟಾಮೈಸಿನ್ ಎಂಬ ಎರಡು ಆಂಟಿಬಯೋಟಿಕ್‌ಗಳನ್ನೂ ಬ್ಯಾಗಿಗೇ ಸೇರಿಸಿ ಶುರು ಮಾಡಿದೆ. ಮಾಮೂಲಿ ಸೋಂಕಾದರೆ ಎರಡು ಮೂರು ದಿನಕ್ಕೆ ನೀರು ತಿಳಿಯಾಗುತ್ತಾ ಬರುತ್ತದೆ. ಇದು ಜಪ್ಪಯ್ಯ ಅನ್ನಲಿಲ್ಲ.

ಮೂರನೇ ದಿನ ವರದಿ ಬಂತು: ಸ್ಯೂಡೋಮೊನಾಸ್ ಜಾತಿಯ ಬ್ಯಾಕ್ಟೀರಿಯಾ. ಸುಮ್ನೆ ಒಪ್ಪಿಕೊಳ್ಳುವವನಿದ್ದೆ. ಅದು ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ ಎಂಬ ಪಟ್ಟಿ ನೋಡಿ ಅನುಮಾನ ಬಂತು. ಜೆಂಟಾಮೈಸಿನ್, ಕೊಲಿಸ್ಟಿನ್ ಎರಡಕ್ಕೂ ಬಗ್ಗದ್ದು ಅಮಾಕ್ಸಿಕ್ಲಾವ್‌ಗೆ ಬಗ್ಗಿತ್ತು. ಮಾಮೂಲಿ ಸ್ಯೂಡೋಮೊನಾಸ್‌ದು ಇದಕ್ಕೆ ಉಲ್ಟಾ, ಅಲ್ವಾ? ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

“ಅಕ್ಕಾ, ಗದ್ದೆಗೆ ಇಳಿದಿದ್ರಾ?”

“ಇಳೀದೆ ನಾಟಿ ಯಾರು ಮಾಡ್ತಾರೆ ಡಾಕ್ಟ್ರೇ?”

ಕಾಲ್ಬೆರಳ ಸಂದು ಕೆಸರಿನಿಂದ ಬಿರುಕು ಬಿಟ್ಟಿತ್ತು. ರೋಗಾಣು ಬೆಳೆಸಿದ ಪ್ಲೇಟನ್ನು ಇನ್ನೆರಡು ದಿನ ಎಸೆಯಬೇಡಿ ಎಂದು ಲ್ಯಾಬಿನವರಿಗೆ ಫೋನ್ ಮಾಡಿದೆ. ಅದರಲ್ಲಿ ಒಣಗಿ ಸುಕ್ಕುಗಟ್ಟಿದ ಕಾಲನಿಗಳು (ಬ್ಯಾಕ್ಟೀರಿಯಾ ಗುಂಪುಗಳು) ಎದ್ದವು. ಮೆಲಿಯಾಯ್ಡೋಸಿಸ್ ಎಂಬ ರೋಗ ತರುವ ಬರ್ಕೋಲ್ಡೇರಿಯಾ ಸ್ಯೂಡೋಮಲ್ಲೈ. ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯಾ, ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲೇ ಜಾಸ್ತಿ. ಸಕ್ಕರೆ ಕಾಯಿಲೆಯವರನ್ನು ಬೇಗ ಹಿಡಿಯುತ್ತದೆ. ಹೊಟ್ಟೆಗೆ ಕಾಲಿನಿಂದ ಹೋಯಿತೋ, ಕೈಯಿಂದ ಟ್ಯೂಬಿಗೆ ತಾಗಿತೋ, ನಾನು ಹೇಳಲಾರೆ.

ಈ ಎರಡನೇ ವರದಿಗೆ ಕಾಯದೆ ಮೆರೋಪೆನೆಮ್ ಎಂಬ ಆಂಟಿಬಯೋಟಿಕ್ ನರಕ್ಕೆ ಕೊಡಲು ಶುರು ಮಾಡಿದ್ದೆ. ಸ್ಕ್ಯಾನಿಂಗ್‌ನಲ್ಲಿ ಲಿವರ್, ಸ್ಪ್ಲೀನ್ (ಗುಲ್ಮ)ನಲ್ಲಿ ಕೀವು ಇರಲಿಲ್ಲ. ಐದು ದಿನಕ್ಕೂ ನೀರು ತಿಳಿಯಾಗದಿದ್ದರೆ ಟ್ಯೂಬ್ ಇಟ್ಟುಕೊಂಡು ಕೂರುವುದು ಬೇಡ. ತೆಗೆಸಿದೆ, ಆಸ್ಪತ್ರೆಗೆ ಬಂದು ಮಾಡಿಸಿಕೊಳ್ಳುವ ರಕ್ತದ ಡಯಾಲಿಸಿಸ್‌ಗೆ ಹಾಕಿದೆ. ಎರಡು ವಾರ ಇಂಜೆಕ್ಷನ್ ಆದ ಮೇಲೆ ಮೂರು ತಿಂಗಳು ಕೋ-ಟ್ರೈಮೊಕ್ಸಜೋಲ್ ಮಾತ್ರೆ, ಕಿಡ್ನಿಗೆ ತಕ್ಕಂತೆ ಪ್ರಮಾಣ ಇಳಿಸಿ. ಈ ಮಾತ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ, ಎಳನೀರಲ್ಲೂ ಅದೇ ಜಾಸ್ತಿ. ಹಾಗಾಗಿ ಎಳನೀರು ಬೇಡ ಎಂದೆ. ಮನೆ ಸುತ್ತ ತೆಂಗು ಇರುವವರಿಗೆ ಹಾಗೆ ಹೇಳಿ ನೋಡಿ!

ಮಾತ್ರೆ ಮುಗಿದ ದಿನ ಅವರ ಮೊದಲ ಮಾತು: “ಬ್ಯಾಗ್ ಡಯಾಲಿಸಿಸ್ಸೇ ವಾಪಸ್ ಮಾಡ್ಲಾ? ವಾರಕ್ಕೆ ಮೂರು ಸಲ ಬಸ್ ಹತ್ತೋಕಾಗಲ್ಲ.” ಹೊಸ ಟ್ಯೂಬ್ ಹಾಕಿಸಿದೆವು. ಮುಂದಿನ ಆಷಾಢಕ್ಕೆ ಗಂಬೂಟು ಕೊಂಡಿದ್ದಾರೆ, ಗದ್ದೆ ಬಿಟ್ಟಿಲ್ಲ.