ಮರಗಸಿ ಕೆಲಸಕ್ಕೆ ಇಳಿಯೋ ಮುಂಚೆ ಇಷ್ಟು ತಿಳ್ಕೊಳ್ಳಿ

ಮೂಡಿಗೆರೆ, ಬೇಲೂರು, ಸಕಲೇಶಪುರ ಸುತ್ತಮುತ್ತ ತೋಟಗಳಲ್ಲಿ ಮರಗಸಿ ಮಾಡ್ತಾ ನಂಗೆ 18 ವರ್ಷ ಆಯ್ತು, ಈಗೀಗ ಡಿಗ್ರಿ ಓದಿದ ಹುಡುಗ್ರೂ ಫೋನ್ ಮಾಡಿ ಅಣ್ಣ ನಾವೂ ಒಂದು ಟೀಮ್ ಕಟ್ತೀವಿ ಹೆಂಗೆ ಶುರು ಮಾಡೋದು ಅಂತ ಕೇಳ್ತಾರೆ. ಬಯಲುಸೀಮೆಯವ್ರಿಗೆ ಒಂದು ಮಾತು, ಮರಗಸಿ ಅಂದ್ರೆ ಕಸಿ ಕಟ್ಟೋದಲ್ಲ, ಕಾಫಿ ಗಿಡದ ಮೇಲಿರೋ ನೆರಳು ಮರಗಳ ಕೊಂಬೆ ತೆಗೆದು ಕೆಳಗೆ ಬೆಳಕು ಬಿಡೋದು. ಮರ ಹತ್ತೋಕೆ ಬಂದ್ರೆ ಸಾಕು ಅಂದ್ಕೊಂಡಿರ್ತಾರೆ ಎಲ್ರೂ. ಹತ್ತೋದು ಎರಡು ಸೀಸನ್ನಲ್ಲಿ ಬಂದ್ಬಿಡುತ್ತೆ ಕಣ್ರೀ, "ಇವತ್ತು ಆಗಲ್ಲ ಸಾರ್" ಅನ್ನೋಕೆ ಬಾಯಿ ಬರೋದಕ್ಕೆ ನಂಗೆ ಹತ್ತು ವರ್ಷ ಹಿಡೀತು.

ಸೀಸನ್ ಚಿಕ್ಕದು. ಕಾಫಿ ಕುಯ್ಲು, ಮೆಣಸು ಕುಯ್ಲು ಎಲ್ಲ ಮುಗಿದು, ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಿದ್ದು, ಆಮೇಲೆ ರೋಹಿಣಿ ಮಳೆ ಹಿಡಿಯೋದ್ರೊಳಗೆ ಮುಗಿಸ್ಬೇಕು. ಎಲ್ಲಾ ತೋಟದವ್ರಿಗೂ ಅದೇ ಟೈಮಲ್ಲಿ ಬೇಕು, ಏಪ್ರಿಲಲ್ಲಿ ನಮ್ಮನ್ನ ಕಾರು ಕಳ್ಸಿ ಕರ್ಕೊಂಡು ಹೋಗ್ತಾರೆ, ಆಗಸ್ಟಲ್ಲಿ ಬಾಕಿ ದುಡ್ಡು ಕೇಳೋಕೆ ಹೋದ್ರೆ ಗೇಟಲ್ಲೇ ನಾಯಿ ಬಿಡ್ತಾರೆ. ತಮಾಷೆಗೆ ಹೇಳ್ದೆ, ಆದ್ರೆ ಪೂರ್ತಿ ತಮಾಷೆ ಅಲ್ಲ.

ತೋಟಕ್ಕೆ ಹೋದ ತಕ್ಷಣ ಏಣಿ ಒರಗಿಸ್ಬೇಡಿ. ನಡು ಮಧ್ಯಾಹ್ನ ಒಂದು ರೌಂಡ್ ಸುಮ್ನೆ ಓಡಾಡಿ, ತಲೆ ಎತ್ತಿ ಅಲ್ಲ, ನೆಲ ನೋಡ್ಕೊಂಡು. ದರಗಿನ (ಉದುರಿದ ಒಣ ಎಲೆ) ಮೇಲೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬಿದ್ದಿದ್ರೆ ಅಲ್ಲಿ ಜಾಸ್ತಿ ಕೈ ಹಾಕೋದು ಬೇಡ. ಕತ್ತಲೆ ಗವ್ ಅಂತಿದ್ದು ಗಿಡದಲ್ಲಿ ಪಾಚಿ ಕಟ್ಟಿದ್ರೆ ಅಲ್ಲಿ ತೆಗೀಬೇಕು, ಇಲ್ಲಾಂದ್ರೆ ಮಳೆಗಾಲದಲ್ಲಿ ಗಾಳಿ ಆಡದೆ ಕೊಳೆರೋಗ ಬರುತ್ತೆ. ಪಡುವಣ ದಿಕ್ಕಿನ ಇಳಿಜಾರಾದ್ರೆ ನೆರಳು ಸ್ವಲ್ಪ ಜಾಸ್ತಿನೇ ಬಿಡಿ, ಮಧ್ಯಾಹ್ನದ ಮೇಲಿನ ಬಿಸಿಲು ಅಲ್ಲಿ ನೇರ ಹೊಡೆಯುತ್ತೆ. ಕಾಫೀಲಿ ರೊಬಸ್ಟಾ ಜಾತಿಗೆ ಬೆಳಕು ಜಾಸ್ತಿ ಬೇಕು, ಅರೇಬಿಕಾಗೆ ಹಂಗಲ್ಲ.

ಈ ಅರೇಬಿಕಾ ವಿಷಯದಲ್ಲೇ ನಾನು ತಪ್ಪು ಮಾಡಿದ್ದು. ಒಬ್ರು ಸಾವ್ಕಾರ್ರು, ಅಂದ್ರೆ ತೋಟದ ಯಜಮಾನ್ರು, ಕೆಳಗೆ ನಿಂತ್ಕೊಂಡು "ಇನ್ನೊಂದು ತೆಗಿ, ಇನ್ನೊಂದು ತೆಗಿ" ಅಂತಾನೇ ಇದ್ರು, ನಂಗೆ ಜಾಸ್ತಿ ಆಯ್ತು ಅಂತ ಗೊತ್ತಾಗ್ತಿತ್ತು, ಆದ್ರೂ ಕೂಲಿ ಕೊಡೋರು ಅವ್ರು ಅಂತ ತೆಗೀತಾ ಹೋದೆ. ಸಂಜೆ ಇಳಿದು ನೋಡಿದ್ರೆ ತೋಟ ಕ್ರಿಕೆಟ್ ಗ್ರೌಂಡ್ ಥರ ಕಾಣ್ತಿತ್ತು. ಬಿಳಿ ಕಾಂಡಕೊರಕ, ನಾವು ಬೋರರ್ ಅನ್ನೋದು, ಅದಕ್ಕೆ ಬಿಸಿಲು ಬೀಳೋ ಕಾಂಡಾನೇ ಬೇಕು ಮೊಟ್ಟೆ ಇಡೋಕೆ, ಏಪ್ರಿಲಿಂದ ಜೂನ್‌ವರೆಗೆ ಒಂದ್ಸಲ, ಅಕ್ಟೋಬರಿಂದ ಡಿಸೆಂಬರ್‌ವರೆಗೆ ಇನ್ನೊಂದ್ಸಲ ದುಂಬಿ ಹೊರಗೆ ಬರುತ್ತೆ. ಎರಡು ವರ್ಷದಲ್ಲಿ ಆ ಪಟ್ಟೇಲಿ ಸಾಲು ಸಾಲು ಗಿಡ ಹಳದಿಯಾಗಿ ಬಾಡಿ ಕಿತ್ತು ಸುಡೋ ಹಂಗಾಯ್ತು. ಬೈಸ್ಕೊಂಡಿದ್ದು ಯಾರು ಅಂತ ಬೇರೆ ಹೇಳ್ಬೇಕಾ? ಅವತ್ತಿಂದ ಮೊದಲು ಎರಡು ಮರ ಮಾತ್ರ ಕಸಿ ಮಾಡಿ, ಸಾವ್ಕಾರ್ರನ್ನ ಕರೆಸಿ ತೋರಿಸಿ, ಹಿಂಗೇ ಪೂರ್ತಿ ತೋಟ ಮಾಡ್ತೀನಿ ಒಪ್ಪಿಗೇನಾ ಅಂತ ಕೇಳಿನೇ ಮುಂದಕ್ಕೆ ಹೋಗೋದು. ನೀವೂ ಹಂಗೇ ಮಾಡಿ, ಆ ಎರಡು ಮರದ ಫೋಟೋನೂ ಫೋನಲ್ಲಿ ಇಟ್ಕೊಳ್ಳಿ. ಇನ್ನೊಂದು, ಕೊಂಬೆ ಬೇರೆ ಮರ ಕಡಿಯೋದು ಬೇರೆ, ಸಿಲ್ವರ್ ಓಕ್ ಮರ ಕಡಿಯೋಕೆ ವಿನಾಯಿತಿ ಇದೆ, ಬೀಟೆ ಹೊನ್ನೆ ಅಂಥದ್ದನ್ನ ಬುಡಕ್ಕೆ ಹಾಕು ಅಂದ್ರೆ ಫಾರೆಸ್ಟ್‌ನವ್ರ ಪರ್ಮಿಷನ್ ಕಾಗದ ಕಣ್ಣಲ್ಲಿ ನೋಡದೆ ಮುಟ್ಬೇಡಿ.

ಈಗ ಕೊಂಬೆ ಕಡಿಯೋದು. ತೊಡೆ ದಪ್ಪದ ಅತ್ತಿ ಕೊಂಬೆ ಅಂದ್ಕೊಳ್ಳಿ. ಮೇಲಿಂದಾನೇ ಒಂದೇ ಏಟಿಗೆ ಕಡಿದ್ರೆ ಅರ್ಧಕ್ಕೆ ಬಂದಾಗ ಚರ್ ಅಂತ ಸೀಳ್ಕೊಂಡು ಮರದ ಸಿಪ್ಪೆನೂ ಮೊಳಗಟ್ಟಲೆ ಕಿತ್ಕೊಂಡು ಹೋಗುತ್ತೆ. ಅದಕ್ಕೆ ಬುಡದಿಂದ ಒಂದಡಿ ಆಚೆಗೆ, ಕೆಳಗಡೆಯಿಂದ ಮೊದಲು ಗರಗಸ ಹಾಕಿ, ಕಾಲು ಭಾಗ ಹೋದ್ರೆ ಸಾಕು, ಜಾಸ್ತಿ ಹೋದ್ರೆ ಗರಗಸ ಕಚ್ಕೊಳ್ಳುತ್ತೆ. ಆಮೇಲೆ ಅದಕ್ಕಿಂತ ನಾಕು ಬೆರಳು ಆಚೆ ಮೇಲಿಂದ ಕೊಯ್ಯಿರಿ, ಕೊಂಬೆ ಪಟ್ ಅಂತ ಮುರಿದು ಬೀಳುತ್ತೆ, ಸಿಪ್ಪೆ ಸೀಳಲ್ಲ. ಉಳಿದ ಮೋಟನ್ನ ಕೊನೇಲಿ ತೆಗೀರಿ. ಅಲ್ಲೊಂದು ವಿಷ್ಯ ಇದೆ, ಕೊಂಬೆ ಮರಕ್ಕೆ ಸೇರೋ ಕಡೆ ಒಂದು ಉಬ್ಬು ಇರುತ್ತೆ, ಬಳೆ ಥರ, ಕೈಯಾಡಿಸಿದ್ರೆ ಗೊತ್ತಾಗುತ್ತೆ. ಆ ಉಬ್ಬನ್ನ ಬಿಟ್ಟು ಹೊರಗೆ ಕೊಯ್ಬೇಕು. ಉಬ್ಬು ಸೇರ್ಸಿ ನುಣ್ಣಗೆ ಹೆರೆದ್ರೆ ನೋಡೋಕೆ ಚೆನ್ನಾಗಿರುತ್ತೆ, ಗಾಯ ಮಾತ್ರ ಮುಚ್ಚಲ್ಲ, ನೀರಿಳಿದು ಪೊಟರೆ ಆಗುತ್ತೆ. ಮೋಟು ಉದ್ದ ಬಿಟ್ರೂ ಅಷ್ಟೇ, ಒಣಗಿ ಲಡ್ಡು ಹಿಡಿಯುತ್ತೆ, ಅಂದ್ರೆ ಕೊಳೆಯುತ್ತೆ.

ಕೆಳಗೆ ಕಾಫಿ ಗಿಡ ಇದೆ, ಮರಕ್ಕೇ ಮೆಣಸಿನ ಬಳ್ಳಿ ಹಬ್ಬಿದೆ ಅನ್ನೋದು ಮರೀಬೇಡಿ. ದೊಡ್ಡ ಕೊಂಬೆಗೆ ಹಗ್ಗ ಕಟ್ಟಿ, ಅದನ್ನ ಮೇಲಿನ ಗಟ್ಟಿ ಕವಲಿಂದ ಹಾಯ್ಸಿ, ಕೆಳಗಿನವನು ಪಕ್ಕದ ಮರದ ಬುಡಕ್ಕೆ ಎರಡು ಸುತ್ತು ಹಾಕಿ ಹಿಡ್ಕೋಬೇಕು. ಕೈಗೆ ಸುತ್ಕೊಂಡು ಹಿಡಿಯೋನು ದಡ್ಡ, ಕೊಂಬೆ ಕೆಳಗೆ ಬಂದ್ರೆ ಅವನು ಮೇಲಕ್ಕೆ ಹೋಗ್ತಾನೆ. ಚೈನ್ ಸಾ ಏಣಿ ಮೇಲೆ ನಿಂತು ಹಿಡೀಲೇಬೇಡಿ, ನೆಲದ ಮೇಲೆ ಸೌದೆ ತುಂಡು ಮಾಡೋಕೆ ಇಟ್ಕೊಳ್ಳಿ, ಮೇಲೆ ಕೈ ಗರಗಸ ಮತ್ತು ಕತ್ತಿನೇ ಸರಿ.

ಕರೆಂಟಿನ ವಿಷ್ಯ. ಅಲ್ಯೂಮಿನಿಯಂ ಏಣಿ ಹಗುರ ಅಂತ ಎಲ್ಲಾ ತೋಟಕ್ಕೂ ಬಂದಿದೆ, ಲೈನ್ ಹಾಯ್ದಿರೋ ಪಟ್ಟೇಲಿ ಅದು ಬೇಡವೇ ಬೇಡ, ಬಿದಿರು ಏಣಿ ತಗೊಳ್ಳಿ. ಬಿದಿರೂ ಒದ್ದೆ ಇದ್ರೆ ಕರೆಂಟ್ ಎಳೆಯುತ್ತೆ, ಹಸಿ ಕೊಂಬೆ ತಂತಿಗೆ ತಾಗಿದ್ರೂ ಅಷ್ಟೇ. ರೈಟ್ರು (ತೋಟದ ಲೆಕ್ಕ ಬರೆಯೋರು) "ಆಫ್ ಮಾಡಿಸಿದೀನಿ ಹತ್ತು" ಅಂದ್ರೆ ನಂಬ್ಬೇಡಿ, ಲೈನ್‌ಮ್ಯಾನ್ ಎಲ್‌ಸಿ (ಲೈನ್ ಕ್ಲಿಯರ್, ಕರೆಂಟ್ ತೆಗೆಯೋ ಪರ್ಮಿಷನ್) ತಗೊಂಡು ತಾನೇ ಬಂದು ಪಕ್ಕದಲ್ಲಿ ನಿಲ್ಬೇಕು. ಇದೊಂದಕ್ಕೇ ನಾನು ಎರಡು ತೋಟದ ಕೆಲಸ ಬಿಟ್ಟಿದೀನಿ, ಆ ವರ್ಷ ಮನೇಲಿ ಕಷ್ಟ ಆಯ್ತು ನಿಜ.

ಹಾಲುವಾಣ ಮುಳ್ಳೂ ಹೌದು ಪೊಳ್ಳೂ ಹೌದು, ಕಾಲಿಡೋ ಮುಂಚೆ ಒದ್ದು ನೋಡಿ. ಸಿಲ್ವರ್ ಕೊಂಬೆ ಲಟಕ್ ಅಂತ ಮುರಿಯುತ್ತೆ, ಸೇಫ್ಟಿ ಬೆಲ್ಟನ್ನ ಕೊಂಬೆಗಲ್ಲ, ಕಾಂಡಕ್ಕೇ ಹಾಕಿ. ಚಗಳಿ (ಕಚ್ಚೋ ಕೆಂಪಿರುವೆ) ಗೂಡು ಕೆಳಗಿಂದಾನೇ ನೋಡ್ಕೊಳ್ಳಿ, ಕತ್ತಿನೊಳಗೆ ಇಳಿದ್ರೆ ಎರಡೂ ಕೈ ಬಿಟ್ಟು ಕೆರ್ಕೊಳ್ಳೋ ಹಂಗಾಗುತ್ತೆ (ಗೂಡು ಸಿಕ್ರೆ ಬಿಸಾಕ್ಬೇಡಿ, ಚಟ್ನಿ ಮಾಡ್ಕೊಳ್ಳೋರು ಕೆಲಸದವ್ರ ಲೈನ್ ಮನೇಲಿ ಇದ್ದೇ ಇರ್ತಾರೆ). ಹೆಜ್ಜೇನು ಇದ್ರೆ ಆ ಮರ ಆ ವರ್ಷಕ್ಕೆ ಇಲ್ಲ ಅಂದ್ಕೊಳ್ಳಿ. ಚೇರು ಮರದ ಸೊನೆ ತಾಗಿದ್ರೆ ಮುಖ ಕುಂಬಳಕಾಯಿ ಆಗುತ್ತೆ, ನಂಗೆ ಒಂದ್ಸಲ ಆಗಿತ್ತು, ಅಜ್ಜಿ ತಾರೆ ತೊಗಟೆ ತೇದು ಹಚ್ತೀನಿ ಅಂತ ಕೂತಿದ್ರು, ನಾನು ಸೀದಾ ಡಾಕ್ಟ್ರ ಹತ್ರ ಹೋದೆ.

ಮಳೆ ಹನಿ ಬಿದ್ರೆ ಇಳೀರಿ, ಒದ್ದೆ ತೊಗಟೆ ಸೋಪ್ ಇದ್ದಂಗೆ. ಅವತ್ತಿನ ಅರ್ಧ ದಿನದ ಕೂಲಿ ಯಾರು ಕೊಡ್ಬೇಕು ಅನ್ನೋದನ್ನ ಮೊದಲೇ ಮಾತಾಡ್ಕೊಳ್ಳಿ. ರೇಟು ಮರದ ಲೆಕ್ಕವೋ ದಿನಗೂಲಿಯೋ, ಸೌದೆ ಒಟ್ಟೋದು ಸೇರಿದ್ಯೋ ಇಲ್ವೋ ಎಲ್ಲಾ ವಾಟ್ಸಾಪಲ್ಲಿ ಬರೆದು ಕಳ್ಸಿ, ಸಾವ್ಕಾರ್ರು ಓಕೆ ಅಂತ ಹಾಕೋವರೆಗೂ ಕಾಯಿರಿ. ಅಡ್ವಾನ್ಸ್ ಕೇಳೋಕೆ ನಾಚ್ಕೋಬೇಡಿ. ಬ್ಯಾಂಕಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಅಂತ ಇದೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದ್ರೆ ಮನೆಯವ್ರಿಗೆ 2 ಲಕ್ಷ, ಟೀಮಲ್ಲಿ ಎಲ್ರಿಗೂ ಮಾಡ್ಸಿ, ಟೀ ಬನ್ ದುಡ್ಡು ಅಷ್ಟೇ.

ಬೆಳಿಗ್ಗೆ ಮಂಜು ಇಳಿಯೋ ಹೊತ್ತಲ್ಲಿ ಮರದ ತುದೀಲಿ ನಿಂತ್ರೆ ಚಾರ್ಮಾಡಿ ಕಡೆ ಗುಡ್ಡ ಒಂದರ ಹಿಂದೆ ಒಂದು ಕಾಣುತ್ತೆ, ಎಷ್ಟೋ ದಿನ ಅದಕ್ಕೇ ಬೇಗ ಹತ್ತಿದೀನಿ, ಮೇಸ್ತ್ರಿ ನಾನು ಭಾರೀ ಕೆಲಸಗಾರ ಅಂದ್ಕೊಂಡ್ರು. ಆನೆ ಓಡಾಡೋ ಕಡೆ ಇದ್ರೆ ಮಾತ್ರ ಫಾರೆಸ್ಟ್‌ನವ್ರ ಮೆಸೇಜ್ ನೋಡದೆ ಬೆಳಿಗ್ಗೆ ತೋಟಕ್ಕೆ ಕಾಲಿಡ್ಬೇಡಿ. ಹಲಸಿನ ಮರ ಹತ್ತಿದ್ರೆ ಬಲಿತ ಹಣ್ಣೆಲ್ಲ ಇಳ್ಸಿ ದೂರ ಸಾಗ್ಸಿಬಿಡಿ, ಬಿಟ್ರೆ ರಾತ್ರಿ ವಾಸನೆಗೆ ಆನೆ ಬರುತ್ತೆ, ಏಣಿ ಅಲ್ಲೇ ಒರಗಿಸಿ ಬಂದಿದ್ರೆ ಬೆಳಿಗ್ಗೆ ಹೊಸ ಏಣಿ ಕಡಿಯೋಕೆ ಬಿದಿರು ಹುಡುಕ್ಬೇಕು.