ದಾವಣಗೆರೆಯ ಬೋರ್‌ವೆಲ್ ನೀರಿನಲ್ಲಿ ಕಡಲ ಮೀನು: ಮನೆಯಲ್ಲೇ ಕಟ್ಟಿದ ರೆಫ್ಯೂಜಿಯಂ

ನನ್ನ ನಾಲ್ಕು ಅಡಿಯ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಮೀನಿನ ಹಿಕ್ಕೆ ಮತ್ತು ಉಳಿದ ಆಹಾರ ಕೊಳೆತು ಹುಟ್ಟುವ ನೈಟ್ರೇಟ್ ಈಗ ಎಂಟು ತಿಂಗಳಿನಿಂದ 5 ಮತ್ತು 10 ಪಿಪಿಎಂ (ದಶಲಕ್ಷಕ್ಕೆ ಇಷ್ಟು ಭಾಗ) ನಡುವೆ ನಿಂತಿದೆ. ಎರಡು ವರ್ಷದ ಹಿಂದೆ ಇದೇ ತೊಟ್ಟಿಯಲ್ಲಿ ಅದು 80 ದಾಟಿತ್ತು. ಆಗ ಬೆಂಗಳೂರಿನ ವ್ಯಾಪಾರಿಯೊಬ್ಬರು ಫೋನಿನಲ್ಲಿ, "ಸಾರ್, ನಿಮ್ಮ ದಾವಣಗೆರೆ ನೀರಿಗೂ ಆ ಬಿಸಿಲಿಗೂ ಮರೀನ್ ಆಗೋದಿಲ್ಲ, ಸುಮ್ಮನೆ ಫ್ಲವರ್‌ಹಾರ್ನ್ ಬಿಟ್ಟುಕೊಳ್ಳಿ" ಎಂದು ಸಿಹಿನೀರಿನ ಮೀನೊಂದನ್ನು ಸೂಚಿಸಿದ್ದರು. ಊರಿನಲ್ಲಿ ಮೀನು ಸಾಕುವ ಗೆಳೆಯರ ಅಭಿಪ್ರಾಯವೂ ಅದೇ ಆಗಿತ್ತು. ತೊಟ್ಟಿಯಿಂದ ಪಾಚಿಯನ್ನು ಕೆರೆದು ತೆಗೆಯುವುದೇ ನಮ್ಮೆಲ್ಲರ ವಾರದ ಕೆಲಸವಾಗಿರುವಾಗ, ರೆಫ್ಯೂಜಿಯಂ ಎಂಬ ಪ್ರತ್ಯೇಕ ಕೋಣೆಯಲ್ಲಿ ಪಾಚಿಯನ್ನೇ ಬೆಳೆಸಿ ನೀರನ್ನು ಶುದ್ಧ ಮಾಡುತ್ತೇನೆ ಎಂಬ ನನ್ನ ಮಾತನ್ನು ಯಾರೂ ನಂಬಲಿಲ್ಲ. ಈಗ ನಂಬುತ್ತಾರೆ. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೀರಿನ ವಿಷಯ. ವಿದ್ಯಾನಗರದ ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) 900ರ ಆಸುಪಾಸಿನಲ್ಲಿರುತ್ತದೆ. ಮನೆಯ ಆರ್‌ಒ ಯಂತ್ರ ಅದನ್ನು 60ಕ್ಕೆ ಇಳಿಸುತ್ತಿತ್ತು, ನಾನೂ ಅಷ್ಟು ಸಾಕೆಂದು ಒಂದು ವರ್ಷ ಅದರಲ್ಲೇ ಉಪ್ಪು ಕಲಸಿದೆ. ಉಳಿದ ಆ 60ರಲ್ಲಿ ನೈಟ್ರೇಟ್ ಮತ್ತು ಸಿಲಿಕೇಟ್ ಇರುತ್ತವೆ, ಅವೇ ಮರಳಿನ ಮೇಲೆ ಕಂದು ಪಾಚಿಯಾಗಿ ಏಳುತ್ತವೆ ಎಂಬುದು ತಡವಾಗಿ ತಿಳಿಯಿತು. ಆರ್‌ಒ ನೀರು ಹೊರಬರುವ ಕಡೆ, ಉಳಿದ ಲವಣಗಳನ್ನೂ ಹಿಡಿಯುವ ಡಿಐ ರೆಸಿನ್ನಿನ ಒಂದು ಕೊಳವೆ ಸೇರಿಸಿದ ಮೇಲೆ ಮೀಟರ್ ಸೊನ್ನೆ ತೋರಿಸಿತು. ಇದಕ್ಕೆ 1,800 ರೂಪಾಯಿಯಷ್ಟು ಖರ್ಚಾಯಿತು. ಇದನ್ನು ಬಿಟ್ಟು ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ.

ಅಕ್ವೇರಿಯಂನ ಕೆಳಗಿಟ್ಟು ಶೋಧಕ ಉಪಕರಣಗಳನ್ನು ಇಡುವ ತೊಟ್ಟಿಗೆ ಸಂಪ್ ಎನ್ನುತ್ತಾರೆ. ಸಂಪ್ ಎಂದರೆ ನಮ್ಮ ಕಡೆ ನೆಲದೊಳಗಿನ ನೀರಿನ ತೊಟ್ಟಿ ಎಂದೇ ಅರ್ಥವಾಗುವುದರಿಂದ, ಗಾಜಿನ ಅಂಗಡಿಯಲ್ಲಿ ನಾನು ಅದನ್ನು "ಕೆಳಗಿನ ತೊಟ್ಟಿ" ಎಂದೇ ಹೇಳಿ ಮಾಡಿಸಿದೆ. 6 ಎಂಎಂ ಗಾಜು, ಮೂರು ಅಡಿ ಉದ್ದ, ಹದಿನೈದು ಇಂಚು ಅಗಲ, ಹದಿನಾರು ಇಂಚು ಎತ್ತರ. ಮೊದಲ ವಿನ್ಯಾಸದಲ್ಲಿ ಎಲ್ಲರೂ ಮಾಡುವಂತೆ ಎಡದಲ್ಲಿ ಸ್ಕಿಮ್ಮರ್ (ಗಾಳಿಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ತೆಗೆಯುವ ಸಾಧನ), ನಡುವೆ ರೆಫ್ಯೂಜಿಯಂ, ಬಲದಲ್ಲಿ ನೀರನ್ನು ಮತ್ತೆ ಮೇಲಕ್ಕೆ ತಳ್ಳುವ ರಿಟರ್ನ್ ಪಂಪ್ ಇಟ್ಟಿದ್ದೆ. ಮೇಲಿನಿಂದ ಬಂದ ನೀರೆಲ್ಲವೂ ಪಾಚಿಯ ಮೂಲಕವೇ ಹಾಯ್ದು ಹೋಗುತ್ತಿತ್ತು. ಮೂರೇ ವಾರಗಳಲ್ಲಿ ಪಾಚಿಯ ಮುದ್ದೆ ಮೀನಿನ ಹಿಕ್ಕೆಯನ್ನೂ ತಿನ್ನದೆ ಉಳಿದ ಆಹಾರವನ್ನೂ ಹಿಡಿದಿಟ್ಟುಕೊಂಡು ಒಳಗಿನಿಂದ ಕೊಳೆಯತೊಡಗಿತು. ಅದು ಹೀರಿಕೊಂಡಿದ್ದ ನೈಟ್ರೇಟ್, ಫಾಸ್ಫೇಟ್ ಎಲ್ಲವೂ ಮತ್ತೆ ನೀರಿಗೇ ಬಂತು. ಎರಡನೆಯ ಸಲ ಅಡ್ಡಗಾಜುಗಳನ್ನು ಬ್ಲೇಡಿನಿಂದ ಬಿಡಿಸಿ, ರಿಟರ್ನ್ ಪಂಪನ್ನು ನಡುವಿನ ಕೋಣೆಗೆ ತಂದು, ಎಡದಲ್ಲಿ ಕಸ ಸೋಸುವ ಬಟ್ಟೆಯ ಚೀಲ (ಫಿಲ್ಟರ್ ಸಾಕ್) ಮತ್ತು ಸ್ಕಿಮ್ಮರ್, ಬಲದಲ್ಲಿ ಹದಿನಾರು ಇಂಚಿನ ರೆಫ್ಯೂಜಿಯಂ ಮಾಡಿದೆ. ಇಳಿಯುವ ಪೈಪಿಗೆ 'T' ಆಕಾರದ ಒಂದು ಕವಲು ಮತ್ತು ವಾಲ್ವ್ ಹಾಕಿ, ಗಂಟೆಗೆ ಸುಮಾರು 1,500 ಲೀಟರ್ ಹರಿಯುವ ನೀರಿನಲ್ಲಿ ಮುನ್ನೂರು ಲೀಟರಿನಷ್ಟನ್ನು ಮಾತ್ರ ರೆಫ್ಯೂಜಿಯಂಗೆ ತಿರುಗಿಸಿದ್ದೇನೆ. ಅಲ್ಲಿ ಹುಟ್ಟುವ, ಮೀನಿಗೆ ಆಹಾರವಾಗುವ ಪುಟ್ಟ ಜೀವಿಗಳಾದ ಕೋಪಪಾಡ್‌ಗಳು ಸ್ಕಿಮ್ಮರಿಗೆ ಸಿಗದೆ ನೇರವಾಗಿ ಮೇಲಿನ ತೊಟ್ಟಿಗೆ ಹೋಗುವುದು ಈ ಜೋಡಣೆಯ ದೊಡ್ಡ ಲಾಭ.

ಸಿಲಿಕೋನ್ ಕೊಳ್ಳುವಾಗ ಬೂಷ್ಟು ನಿರೋಧಕ ಎಂದು ಬರೆದ ಟ್ಯೂಬನ್ನು ಮುಟ್ಟಬೇಡಿ. ಬಚ್ಚಲುಮನೆಗೆಂದು ಮಾಡಿದ ಅದರಲ್ಲಿ ವಿಷವಿರುತ್ತದೆ.

ಮೇಲಿನ ತೊಟ್ಟಿಯಿಂದ ನೀರನ್ನು ಇಳಿಸುವುದು ನನಗೆ ಅತಿ ದುಬಾರಿ ಪಾಠವಾಯಿತು. ಗಾಜಿಗೆ ತೂತು ಹೊಡೆಯಲು ಹೆದರಿ, ಪಿವಿಸಿ ಪೈಪುಗಳನ್ನು ಬಗ್ಗಿಸಿ, ನೀರನ್ನು ತೊಟ್ಟಿಯ ಅಂಚಿನ ಮೇಲಿನಿಂದ ಎಳೆದು ಇಳಿಸುವ ಸೈಫನ್ ಓವರ್‌ಫ್ಲೋ ಮಾಡಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಗಿ, ಅರ್ಧ ಗಂಟೆಯ ನಂತರ ಬಂತು. ಅಷ್ಟರಲ್ಲಿ ಸೈಫನ್ನಿನೊಳಗೆ ಗಾಳಿ ಸೇರಿತ್ತು. ಕೆಳಗಿನ ಪಂಪ್ ಮೇಲಕ್ಕೆ ನೀರು ತಳ್ಳುತ್ತಲೇ ಇತ್ತು, ಮೇಲಿನಿಂದ ಇಳಿಯುವ ದಾರಿ ಮುಚ್ಚಿಹೋಗಿತ್ತು. ಬೆಳಗ್ಗೆ ಎದ್ದಾಗ ಹಾಲ್‌ನ ನೆಲದ ಮೇಲೆ ಇಪ್ಪತ್ತು ಇಪ್ಪತ್ತೈದು ಲೀಟರ್ ಉಪ್ಪುನೀರು ನಿಂತಿತ್ತು, ಸ್ಟ್ಯಾಂಡಿನ ಪ್ಲೈವುಡ್ ಉಬ್ಬಿತ್ತು, ಖಾಲಿ ಓಡಿದ ಪಂಪ್ ಸುಟ್ಟಿತ್ತು. ಆ ಒಂದು ರಾತ್ರಿಗೆ 4,000 ರೂಪಾಯಿ ಹೋಯಿತು.

ಆ ಮೇಲೆ ತೂತು ಹೊಡೆಯಲೇಬೇಕೆಂದು ನಿರ್ಧರಿಸಿದೆ. ಗಾಜಿನ ಅಂಗಡಿಯ ಹಿರಿಯರು, "ತಮ್ಮಾ, ಕಟ್ಟಿದ ತೊಟ್ಟಿಗೆ ನಾನು ಬಿಟ್ ಇಡಂಗಿಲ್ಲ, ಒಡೆದ್ರೆ ನನ್ನ ಮ್ಯಾಲೆ ಬರ್ತೀಯ" ಎಂದು ಕೈ ಮುಗಿದರು. ಅವರಲ್ಲೇ 8 ಎಂಎಂ ಗಾಜಿನ ಎರಡು ತುಂಡು ಕೇಳಿ ತಂದು ಮನೆಯಲ್ಲಿ ಅಭ್ಯಾಸ ಮಾಡಿದೆ. ಮೊದಲನೆಯದು ಒಡೆಯಿತು, ಕೊನೆಯಲ್ಲಿ ಒತ್ತಿದ್ದೇ ತಪ್ಪು. ಎರಡನೆಯದರ ಹಿಂಬದಿಗೆ ಟೇಪ್ ಅಂಟಿಸಿ, ಸುತ್ತಲೂ ಹಿಟ್ಟಿನ ಮುದ್ದೆಯಿಂದ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಡ್ರಿಲ್ಲಿನ ಭಾರವನ್ನಷ್ಟೇ ಬಿಟ್ಟೆ. ನೀರು ಹಾಲಿನಂತೆ ಬೆಳ್ಳಗಾಗುತ್ತಾ ಹೋಗಿ, ಸುಮಾರು ಇಪ್ಪತ್ತೈದು ನಿಮಿಷದ ನಂತರ ಬಿಲ್ಲೆ ಟಕ್ಕೆಂದು ಕಳಚಿತು. ಮರುದಿನ ತೊಟ್ಟಿಯ ಹಿಂದಿನ ಗಾಜಿಗೆ ಹೀಗೆಯೇ ಎರಡು ತೂತು ಹೊಡೆದೆ, ಒಂದು ಇಳಿಯುವುದಕ್ಕೆ, ಇನ್ನೊಂದು ಅದು ಕಟ್ಟಿಕೊಂಡರೆ ಬೇಕಾಗುವುದಕ್ಕೆ. ರಿಟರ್ನ್ ಪೈಪಿನಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ, ಗಾಳಿ ಎಳೆಯಲು ಒಂದು ಸಣ್ಣ ರಂಧ್ರವನ್ನೂ ಮಾಡಿದ್ದೇನೆ. ಪಂಪ್ ನಿಂತಾಗ ತೊಟ್ಟಿಯ ನೀರು ಹಿಮ್ಮುಖವಾಗಿ ಕೆಳಗಿಳಿಯುವುದು ಅಲ್ಲಿಗೇ ನಿಲ್ಲುತ್ತದೆ. ಆ ರಂಧ್ರದಲ್ಲಿ ಪಾಚಿ ಕಟ್ಟುತ್ತದೆಯಾದ್ದರಿಂದ ತಿಂಗಳಿಗೊಮ್ಮೆ ಕಡ್ಡಿ ಹಾಕಿ ಬಿಡಿಸುತ್ತೇನೆ.

ಸ್ಕಿಮ್ಮರನ್ನೂ ನಾನೇ ಮಾಡಿದೆ. ಮೂರು ಇಂಚಿನ ಪೈಪ್, ಗುಳ್ಳೆ ಎಬ್ಬಿಸುವ ಮರದ ಏರ್‌ಸ್ಟೋನ್, ಎಲ್ಲ ಸೇರಿ 700 ರೂಪಾಯಿ. ವಾರವೊಂದು ಚೆನ್ನಾಗಿ ನೊರೆ ಕೊಟ್ಟು, ಏರ್‌ಸ್ಟೋನ್ ಕಟ್ಟಿಕೊಂಡು ನಿಂತಿತು. ಮೂರು ಸಲ ಬದಲಿಸಿದ ಮೇಲೆ ಕೈಬಿಟ್ಟು, ಬಳಸಿದ ನೀಡಲ್ ವೀಲ್ (ಮುಳ್ಳುಚಕ್ರದಿಂದ ಗುಳ್ಳೆ ಎಬ್ಬಿಸುವ) ಸ್ಕಿಮ್ಮರೊಂದನ್ನು 3,500ಕ್ಕೆ ಕೊಂಡೆ. ಸ್ಕಿಮ್ಮರ್ ಮಾತ್ರ ಮನೆಯಲ್ಲಿ ಮಾಡುವ ವಸ್ತುವಲ್ಲ ಎಂಬುದು ನನ್ನ ತೀರ್ಮಾನ.

ಇನ್ನು ಪಾಚಿ. ಮೊದಲು ಸಿಕ್ಕಿದ್ದು ಕಾಲರ್ಪಾ ಎಂಬ ಎಲೆಯಂತಹ ಕಡಲ ಪಾಚಿ. ನೋಡಲು ಬಹಳ ಚೆಂದ, ಬೆಳವಣಿಗೆಯೂ ವೇಗ. ಎರಡನೆಯ ತಿಂಗಳು ಒಂದು ಬೆಳಗ್ಗೆ ಅದರ ಹಸಿರೆಲ್ಲ ಇಳಿದು ಎಲೆಗಳು ಗಾಜಿನಂತೆ ಪಾರದರ್ಶಕವಾಗಿದ್ದವು, ತೊಟ್ಟಿಯ ನೀರು ಹಸಿರು ಮಜ್ಜಿಗೆಯಾಗಿತ್ತು. ಕಾಲರ್ಪಾ ಸಂತಾನೋತ್ಪತ್ತಿಯ ಕೋಶಗಳನ್ನು ಬಿಟ್ಟು ಸಾಯುವುದು ಹೀಗೆಯೇ. ಹೀಗಾಗಿ ನೂಲಿನ ಮುದ್ದೆಯಂತೆ ಬೆಳೆಯುವ ಕೀಟೊಮಾರ್ಫಾ ಪಾಚಿಗೆ ಬಂದೆ. ಬೆಂಗಳೂರಿನ ಹವ್ಯಾಸಿಯೊಬ್ಬರು ಒದ್ದೆ ಪತ್ರಿಕೆಯಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ಕಳುಹಿಸಿದ್ದು ಒಂದು ಹಿಡಿ, ನೂರು ಗ್ರಾಂ ಇರಬಹುದು. ಅದನ್ನು 9 ವ್ಯಾಟ್ ಎಲ್‌ಇಡಿ ಬಲ್ಬಿನ ಕೆಳಗಿಟ್ಟೆ, ತಿಂಗಳಾದರೂ ಹಿಡಿ ಹಿಡಿಯಾಗಿಯೇ ಉಳಿದು, ಅಂಚು ಬಿಳಿಚಿತು. ನಮ್ಮಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿಯೇ. ಗಣಪತಿ ಪೆಂಡಾಲಿಗೆ ಕಟ್ಟುವಂತಹ 50 ವ್ಯಾಟ್ ಬಿಳಿ ಫ್ಲಡ್‌ಲೈಟ್ ತಂದು, ನೀರಿನಿಂದ ಎಂಟು ಇಂಚು ಮೇಲೆ ಕಟ್ಟಿ, ರಾತ್ರಿ ಒಂಬತ್ತರಿಂದ ಬೆಳಗ್ಗೆ ಏಳರವರೆಗೆ ಉರಿಸಿದೆ. ಹತ್ತೇ ದಿನದಲ್ಲಿ ಮುದ್ದೆ ಎರಡರಷ್ಟಾಯಿತು. ಮೇಲಿನ ದೀಪ ಆರಿದ ಹೊತ್ತಿನಲ್ಲಿ ಕೆಳಗೆ ಪಾಚಿ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ, ನಸುಕಿನಲ್ಲಿ 7.8ಕ್ಕೆ ಬೀಳುತ್ತಿದ್ದ ಪಿಎಚ್ ಈಗ 8.1ರಿಂದ ಕೆಳಗಿಳಿಯುವುದಿಲ್ಲ. ತಿಂಗಳಿಗೆ ಖರ್ಚಾಗುವುದು ಹದಿನೈದು ಯೂನಿಟ್ ಅಷ್ಟೇ. ವಾರಕ್ಕೊಮ್ಮೆ ಪಾಚಿಗೆ ನಾನು ಕೊಡುವ ಇನ್ನೊಂದು ವಸ್ತುವೂ ಇದೆ. ಅದನ್ನೂ ಅದರ ಪ್ರಮಾಣವನ್ನೂ ಕಂಡುಕೊಳ್ಳಲು ನನಗೆ ಒಂದು ವರ್ಷ ಹಿಡಿದಿದೆ. ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಇದರ ನಡುವೆ ಕಲ್ಲಿನ ಪ್ರಯೋಗವೊಂದು ನಡೆಯಿತು. ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಕಡಲಿನಿಂದ ತೆಗೆದ ಹವಳದ ಕಲ್ಲು ನನಗೆ ಬೇಡವಾಗಿತ್ತು. ಗೆಳೆಯರೊಬ್ಬರು ಚಿತ್ರದುರ್ಗದ ಕಡೆಯಿಂದ ಚೆಂದದ ಕಲ್ಲು ತಂದುಕೊಡುತ್ತೇನೆಂದರು. ಅಲ್ಲಿನ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿಯೇ ಇತ್ತು, ತಾಮ್ರವೋ ಸಿಗಡಿ, ಬಸವನಹುಳುಗಳಿಗೆ ವಿಷ, ಆದ್ದರಿಂದ ಆ ಸೀಮೆಯ ಕಲ್ಲನ್ನು ತೊಟ್ಟಿಗಿಳಿಸಲು ಧೈರ್ಯ ಬರಲಿಲ್ಲ. ಕೋಳಿ ಆಹಾರದ ಅಂಗಡಿಯ, ಚಿಪ್ಪು ಪುಡಿ ಮಾಡಿದ ಶೆಲ್‌ಗ್ರಿಟ್, ಸಿಮೆಂಟ್ ಮತ್ತು ಕಲ್ಲುಪ್ಪು ಕಲಸಿ ನಾನೇ ಕಲ್ಲು ಎರಕ ಹೊಯ್ದೆ. ನೀರಿಗೆ ಹಾಕಿದಾಗ ಉಪ್ಪು ಕರಗಿ ತೂತು ತೂತಾದ ಕಲ್ಲು ಉಳಿಯುತ್ತದೆ. ಆದರೆ ಸಿಮೆಂಟಿನ ಸುಣ್ಣ ಪಿಎಚ್ಚನ್ನು 11ರ ಮೇಲಕ್ಕೇರಿಸುವುದರಿಂದ, ಡ್ರಮ್ಮಿನಲ್ಲಿ ನೀರು ಬದಲಿಸುತ್ತಾ ಎರಡು ತಿಂಗಳಿಗೂ ಹೆಚ್ಚು ಕಾಯಬೇಕಾಯಿತು.

ತಾಮ್ರಕ್ಕೆ ಅಷ್ಟು ಹೆದರಿದ ನಾನೇ ಅದನ್ನು ಇನ್ನೊಂದು ಬಾಗಿಲಿನಿಂದ ಒಳಗೆ ಬಿಟ್ಟೆ. ಏಪ್ರಿಲ್‌ನಲ್ಲಿ ತೊಟ್ಟಿಯ ಮೇಲೆ ಫ್ಯಾನ್ ಹಾಕಿದರೆ ನೀರಿನ ಬಿಸಿ ಎರಡು ಮೂರು ಡಿಗ್ರಿ ಇಳಿಯುತ್ತದೆ, ಜೊತೆಗೆ ದಿನಕ್ಕೆ ನಾಲ್ಕು ಲೀಟರ್ ಆವಿಯಾಗುತ್ತದೆ. ಆ ನೀರನ್ನು ತಾನಾಗಿ ತುಂಬಿಸಲು ಏರ್‌ಕೂಲರಿನ ಫ್ಲೋಟ್ ವಾಲ್ವನ್ನು ಸಂಪ್‌ಗೆ ಕಟ್ಟಿದ್ದೆ. ಮೂರನೆಯ ವಾರ ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದವು, ಆಮೇಲೆ ಎರಡು ಕ್ಲೀನರ್ ಸಿಗಡಿಗಳು ಸತ್ತವು; ಮೀನುಗಳು ಮಾತ್ರ ಎಂದಿನಂತೆ ತಿನ್ನುತ್ತಿದ್ದವು. ಮೀನು ಉಳಿದು ಸಿಗಡಿ ಸಾಯುವುದು ತಾಮ್ರದ ಗುರುತು ಎಂದು ನೆನಪಾಗಿ ಟಾರ್ಚ್ ಹಿಡಿದು ಹುಡುಕಿದರೆ, ವಾಲ್ವಿನ ಹಿತ್ತಾಳೆ ಕಡ್ಡಿಯ ಮೇಲೆ ಉಗುರಿಗೆ ಬರುವಷ್ಟು ಹಸಿರು ಹುಡಿ ಕುಳಿತಿತ್ತು. ಪೂರ್ತಿ ಪ್ಲಾಸ್ಟಿಕ್ಕಿನ ವಾಲ್ವಿಗೆ 120 ರೂಪಾಯಿ. ತಾಮ್ರ ತೆಗೆಯಲು ಇದ್ದಿಲು, ರೆಸಿನ್, ಮೂರು ಸಲ ಬದಲಿಸಿದ ನೀರಿನ ಉಪ್ಪು ಸೇರಿ 5,000 ದಾಟಿತು.

ಲೆಕ್ಕ ಹೇಳುವುದಾದರೆ, ಸಂಪ್, ಸ್ಕಿಮ್ಮರ್, ಪಂಪ್, ದೀಪ, ಪೈಪುಗಳಿಗೆ ಸುಮಾರು 14,500 ಆಯಿತು. ತಪ್ಪುಗಳಿಗೆ ಹೋದ ಹತ್ತು ಸಾವಿರ ಬೇರೆ. ಇಷ್ಟಕ್ಕೇ ಆ ವ್ಯಾಪಾರಿ ಕೇಳಿದ್ದು 45,000. ಉಪ್ಪು 20 ಕಿಲೋ ಬಕೆಟ್ಟಿಗೆ ಎಂಟು ಸಾವಿರ. ನಲವತ್ತು ಲೀಟರಿಗೆ ಒಂದೂವರೆ ಕಿಲೋ, ಅಂದರೆ 600 ರೂಪಾಯಿ. ಮೊದಲು ವಾರ ವಾರ ಬದಲಿಸುತ್ತಿದ್ದವನು ಈಗ ತಿಂಗಳಿಗೊಮ್ಮೆ ಬದಲಿಸುತ್ತೇನೆ. ಮೂರು ವಾರಕ್ಕೊಮ್ಮೆ ಅರ್ಧ ಕಿಲೋದಷ್ಟು ಕೀಟೊಮಾರ್ಫಾ ಕಿತ್ತು ತೆಗೆಯುತ್ತೇನೆ. ತೆಗೆಯದೆ ಬಿಟ್ಟರೆ ಅಡಿಯ ಪಾಚಿಗೆ ಬೆಳಕು ಸಿಗದೆ ಕೊಳೆತು, ನೈಟ್ರೇಟ್ ಮೊದಲಿನ ಜಾಗಕ್ಕೇ ಬರುತ್ತದೆ.

ಐದು ತಿಂಗಳ ಹಿಂದೆ ಮ್ಯಾಂಡರಿನ್ ಮೀನೊಂದನ್ನು ತಂದೆ. ಹಾಕಿದ ಆಹಾರವನ್ನು ಸಾಮಾನ್ಯವಾಗಿ ಮುಟ್ಟದ, ಕೋಪಪಾಡ್ ಸಿಗದಿದ್ದರೆ ಹೊಟ್ಟೆ ಬೆನ್ನಿಗಂಟಿ ಸಾಯುವ ಮೀನದು. ರಾತ್ರಿ ಕೆಳಗಿನ ದೀಪ ಹೊತ್ತುವ ಮೊದಲು ರೆಫ್ಯೂಜಿಯಂನ ಗಾಜಿಗೆ ಟಾರ್ಚ್ ಹಿಡಿದರೆ ರವೆ ಚೆಲ್ಲಿದಂತೆ ಪಾಡ್‌ಗಳು ಓಡಾಡುತ್ತಿರುತ್ತವೆ. ಮ್ಯಾಂಡರಿನ್ ಇಡೀ ದಿನ ನನ್ನ ಸಿಮೆಂಟ್ ಕಲ್ಲುಗಳ ಸಂದಿಯಲ್ಲಿ ಅವನ್ನೇ ಹೆಕ್ಕುತ್ತಿರುತ್ತದೆ, ತಂದ ದಿನ ಒಳಗೆ ಹೋಗಿದ್ದ ಅದರ ಹೊಟ್ಟೆ ಈಗ ಉಂಡ ಹಾಗೆ ಕಾಣುತ್ತದೆ.