ಪಾಯಿಂಟ್ ಹಾಕಿ ತರಗತಿಯ ಸೀಟು ಪಡೆಯುವುದು ಹೇಗೆ?

ಐವತ್ತು ಸೀಟುಗಳಿರುವ ಒಂದು ಐಚ್ಛಿಕ ವಿಷಯಕ್ಕೆ ನೂರೈವತ್ತು ವಿದ್ಯಾರ್ಥಿಗಳು ಆಸೆಪಟ್ಟಾಗ ಸೀಟನ್ನು ಯಾರಿಗೆ ಕೊಡಬೇಕು? ಮೊದಲು ಬಂದವರಿಗೆ, ಹಿರಿಯರಿಗೆ, ಲಾಟರಿಯಲ್ಲಿ ಹೆಸರು ಬಂದವರಿಗೆ ಎಂಬ ಹಳೆಯ ಉತ್ತರಗಳ ಜೊತೆಗೆ ಕೆಲವು ವಿಶ್ವವಿದ್ಯಾಲಯಗಳು, ಅದರಲ್ಲೂ ಬಿಸಿನೆಸ್ ಸ್ಕೂಲ್‌ಗಳು, ಹರಾಜಿನ ದಾರಿಯನ್ನೂ ಹಿಡಿದಿವೆ. ಇಲ್ಲಿ ಹಣ ಕೈ ಬದಲಾಗುವುದಿಲ್ಲ. ಸಂಸ್ಥೆಯೇ ಪ್ರತಿ ವಿದ್ಯಾರ್ಥಿಯ ಖಾತೆಗೆ ಇಂತಿಷ್ಟು ಪಾಯಿಂಟ್ ಹಾಕುತ್ತದೆ, ವಿದ್ಯಾರ್ಥಿಯು ಅದನ್ನು ತನಗೆ ಬೇಕಾದ ವಿಷಯಗಳ ಮೇಲೆ ಹಂಚಿ ಬಿಡ್ ಮಾಡುತ್ತಾನೆ, ಹೆಚ್ಚು ಪಾಯಿಂಟ್ ಹಾಕಿದವರಿಗೆ ಸೀಟು ಸಿಗುತ್ತದೆ. ಸಿಂಗಪುರ ಮ್ಯಾನೇಜ್‌ಮೆಂಟ್ ಯೂನಿವರ್ಸಿಟಿಯಲ್ಲಿ ಈ ಪಾಯಿಂಟ್‌ಗಳಿಗೆ ಇ-ಡಾಲರ್ ಎಂಬ ಹೆಸರೇ ಇದೆ.

ನೋಡಲು ಸರಳವಾದ ಈ ವ್ಯವಸ್ಥೆಯಲ್ಲಿ ಒಳ್ಳೆಯ ವಿದ್ಯಾರ್ಥಿಗಳೂ ಬೇಕಾದ ತರಗತಿಯನ್ನು ಕಳೆದುಕೊಳ್ಳುತ್ತಾರೆ. ಬಿಡ್ ಎಂಬುದು ಒಂದು ವಿಷಯದ ಮೇಲೆ ತಮಗಿರುವ ಪ್ರೀತಿಯ ಅಳತೆ ಎಂದು ಅವರು ಭಾವಿಸುವುದೇ ಇದಕ್ಕೆ ಮುಖ್ಯ ಕಾರಣ. ಬಿಡ್ ಹಾಗಲ್ಲ, ಉಳಿದವರು ಎಷ್ಟು ಹಾಕಬಹುದು ಎಂಬ ಅಂದಾಜನ್ನು ದಾಟಲು ನೀವು ಇಡುವ ಮೊತ್ತ ಅದು. ತುಂಬ ಇಷ್ಟವಾದ ವಿಷಯಕ್ಕೆ ಸ್ಪರ್ಧೆಯೇ ಇಲ್ಲದಿದ್ದರೆ ಅದಕ್ಕೆ ಕಡಿಮೆ ಪಾಯಿಂಟ್ ಸಾಕು. ಮುಂದಿನ ಹೆಜ್ಜೆಗಳೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿವೆ.

ಮೊದಲ ಹೆಜ್ಜೆ: ನಿಯಮ ಓದಿ

ಹರಾಜಿನ ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುವುದರಿಂದ ಹಿರಿಯ ಗೆಳೆಯರ ಸಲಹೆ ಕೇಳುವ ಮುನ್ನ ನಿಯಮಾವಳಿಯನ್ನು ಸ್ವತಃ ಓದಬೇಕು. ಒಂದು ವಿಷಯಕ್ಕೆ ಕನಿಷ್ಠ ಮತ್ತು ಗರಿಷ್ಠ ಎಷ್ಟು ಪಾಯಿಂಟ್ ಹಾಕಬಹುದು, ಎಷ್ಟು ಸುತ್ತುಗಳಿವೆ, ಇಬ್ಬರ ಬಿಡ್ ಸಮವಾದರೆ ಯಾರಿಗೆ ಸೀಟು ಎಂಬುದನ್ನು ಗುರುತು ಹಾಕಿಕೊಳ್ಳಿ. ಇವುಗಳಿಗಿಂತ ಮುಖ್ಯವಾದ ಪ್ರಶ್ನೆಗಳು ಇನ್ನೆರಡಿವೆ.

ಉಳಿದ ಪಾಯಿಂಟ್ ಮುಂದಿನ ಸೆಮಿಸ್ಟರ್‌ಗೆ ಹೋಗುತ್ತದೆಯೇ ಎಂಬುದು ಮೊದಲನೆಯದು. ಹೋಗುವುದಿಲ್ಲ ಎಂದಾದರೆ ಉಳಿಸಿದ ಪಾಯಿಂಟ್‌ಗೆ ಬೆಲೆಯಿಲ್ಲ, ಆದ್ದರಿಂದ ಎಲ್ಲವನ್ನೂ ಬಿಡ್‌ಗಳಲ್ಲಿ ತೊಡಗಿಸುವುದೇ ಸರಿ. ಹೋಗುತ್ತದೆ ಎಂದಾದರೆ ಕೊನೆಯ ಸೆಮಿಸ್ಟರ್‌ನಲ್ಲಿ ಏನು ಬೇಕಾಗಬಹುದು ಎಂದು ಈಗಲೇ ಯೋಚಿಸಬೇಕಾಗುತ್ತದೆ. ಕೂಡಿಟ್ಟವರೆಲ್ಲ ಆಗ ಒಟ್ಟಿಗೆ ಖರ್ಚು ಮಾಡುವುದರಿಂದ ಬೇಡಿಕೆಯ ವಿಷಯಗಳ ಬೆಲೆ ಏರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗೆದ್ದವರ ಖಾತೆಯಿಂದ ಎಷ್ಟು ಪಾಯಿಂಟ್ ಕಡಿತವಾಗುತ್ತದೆ ಎಂಬುದು ಎರಡನೆಯದು. ಉದಾಹರಣೆಗೆ, ಐದು ಸೀಟುಗಳ ಒಂದು ತರಗತಿಗೆ ಏಳು ಬಿಡ್‌ಗಳು ಬಂದಿವೆ ಎಂದುಕೊಳ್ಳಿ: 420, 380, 350, 310, 301, 300 ಮತ್ತು 120. ಮೊದಲ ಐವರಿಗೆ ಸೀಟು ಸಿಕ್ಕಿತು, ಕಟ್‌ಆಫ್ 301ಕ್ಕೆ ನಿಂತಿತು. ಹಾಕಿದ್ದಷ್ಟೂ ಕಡಿತವಾಗುವ ಪದ್ಧತಿಯಲ್ಲಿ 420 ಹಾಕಿದವರಿಗೆ ಅಷ್ಟೂ ಹೋಗುತ್ತದೆ. ಕಟ್‌ಆಫ್ ಬೆಲೆಯ ಪದ್ಧತಿಯಲ್ಲಿ ಐವರಿಂದಲೂ 301 ಮಾತ್ರ ಕಡಿತವಾಗಿ, 420 ಹಾಕಿದವರಿಗೆ 119 ಪಾಯಿಂಟ್ ಮರಳುತ್ತದೆ. ಹಾಕಿದ್ದೆಲ್ಲ ಹೋಗುವಲ್ಲಿ ಅಂದಾಜಿನ ಕಟ್‌ಆಫ್‌ಗಿಂತ ಸ್ವಲ್ಪವೇ ಮೇಲೆ ನಿಲ್ಲುವುದು ಜಾಣತನ. ಕಟ್‌ಆಫ್ ಬೆಲೆಯಷ್ಟೇ ಕಡಿತವಾಗುವಲ್ಲಿ ತುಸು ಧಾರಾಳವಾಗಿ ಹಾಕಬಹುದು, ಆದರೆ ನೀವು ಹಾಕಿದ ಅಷ್ಟೂ ಪಾಯಿಂಟ್ ಫಲಿತಾಂಶ ಬರುವವರೆಗೆ ಸಿಕ್ಕಿಕೊಂಡಿರುತ್ತದೆ, ಬೇರೆ ವಿಷಯಕ್ಕೆ ಬಳಸಲು ಬರುವುದಿಲ್ಲ ಎಂಬುದು ನೆನಪಿರಲಿ.

ಇದೇ ಉದಾಹರಣೆಯಲ್ಲಿ 300 ಹಾಕಿದವರನ್ನು ನೋಡಿ. ಒಂದೇ ಒಂದು ಪಾಯಿಂಟ್‌ನಿಂದ ಸೀಟು ತಪ್ಪಿತು. ಬಿಡ್ ಮಾಡುವಾಗ ಬಹಳ ಜನರ ಕೈ ತಾನಾಗಿ 200, 250, 300ರಂಥ ದುಂಡು ಸಂಖ್ಯೆಗಳತ್ತ ಹೋಗುತ್ತದೆ. 303 ಅಥವಾ 307 ಎಂದು ಹಾಕುವುದಕ್ಕೆ ಹೆಚ್ಚೇನೂ ಖರ್ಚಾಗುವುದಿಲ್ಲ, ಆದರೆ ಆ ಗುಂಪನ್ನು ದಾಟಿದಂತಾಗುತ್ತದೆ.

ಎರಡನೆಯ ಹೆಜ್ಜೆ: ಪಟ್ಟಿ ಮತ್ತು ವೇಳಾಪಟ್ಟಿ

ಪದವಿ ಮುಗಿಸಲು ಬೇಕೇಬೇಕಾದವು, ಮನಸ್ಸಿನಿಂದ ಬೇಕಾದವು, ಸಿಕ್ಕರೂ ಆದೀತು ಎನ್ನುವಂಥವು ಎಂದು ವಿಷಯಗಳನ್ನು ವಿಂಗಡಿಸಿ, ತರಗತಿಯ ಸಮಯಗಳನ್ನು ಅವುಗಳ ಪಕ್ಕದಲ್ಲಿ ಬರೆದುಕೊಳ್ಳಿ. ಪ್ರತಿಯೊಂದು ದುಬಾರಿ ವಿಷಯಕ್ಕೂ ಒಂದು ಬದಲಿಯನ್ನು ಈ ಹಂತದಲ್ಲೇ ಹುಡುಕಿಡಬೇಕು, ಏಕೆಂದರೆ ಫಲಿತಾಂಶ ಬಂದ ಮೇಲೆ ಅದಕ್ಕೆ ಸಮಯ ಸಿಗುವುದಿಲ್ಲ.

ಮೂರನೆಯ ಹೆಜ್ಜೆ: ಹಳೆಯ ಕಟ್‌ಆಫ್

ಹಿಂದಿನ ಸೆಮಿಸ್ಟರ್‌ಗಳ ಕಟ್‌ಆಫ್‌ಗಳನ್ನು ಸಂಸ್ಥೆ ಪ್ರಕಟಿಸುತ್ತಿದ್ದರೆ ಅವೇ ನಿಮ್ಮ ಬಹುಮುಖ್ಯ ಆಧಾರ. ಒಂದೇ ವರ್ಷದ ಸಂಖ್ಯೆಯನ್ನು ನಂಬದೆ ಕನಿಷ್ಠ ಮೂರು ಬಾರಿಯದನ್ನು ಸಾಲಾಗಿ ಇಟ್ಟು ನೋಡಿ. ಕಟ್‌ಆಫ್ ಸೊನ್ನೆಯಾಗಿದ್ದರೆ ಸಾಮಾನ್ಯವಾಗಿ ಸೀಟುಗಳೇ ತುಂಬಲಿಲ್ಲ ಎಂದರ್ಥ. ಪಾಠ ಮಾಡುವವರು ಬದಲಾಗಿದ್ದಾರೆಯೇ, ಸೀಟುಗಳು ಹೆಚ್ಚಿವೆಯೇ, ಎರಡು ವಿಭಾಗವಿದ್ದದ್ದು ಒಂದಾಗಿದೆಯೇ, ಬೆಳಗಿನ ತರಗತಿ ಮಧ್ಯಾಹ್ನಕ್ಕೆ ಬಂದಿದೆಯೇ ಎಂಬುದನ್ನು ನೋಡದೆ ಹಳೆಯ ಸಂಖ್ಯೆಯನ್ನು ಹಾಗೆಯೇ ಎತ್ತಿಕೊಳ್ಳಬಾರದು. ಕಳೆದ ಬಾರಿ ಕಟ್‌ಆಫ್ ಇಳಿದಿದ್ದ ವಿಷಯಕ್ಕೆ ಈ ಬಾರಿ ಜನ ನುಗ್ಗುವುದೂ ಉಂಟು; ಆ ಸಂಖ್ಯೆಯನ್ನು ನಿಮ್ಮಂತೆಯೇ ಎಲ್ಲರೂ ಓದಿರುತ್ತಾರೆ.

ನಾಲ್ಕನೆಯ ಹೆಜ್ಜೆ: ಹಂಚಿಕೆ

ನಿಮ್ಮ ಬಳಿ 1000 ಪಾಯಿಂಟ್ ಇದೆ, ಮೂರು ವಿಷಯ ಬೇಕು, ನಿಯಮದಲ್ಲಿ ಗರಿಷ್ಠ ಮಿತಿಯಿಲ್ಲ, ಪಾಯಿಂಟ್ ಮುಂದಕ್ಕೆ ಹೋಗುವುದೂ ಇಲ್ಲ ಎಂದಿಟ್ಟುಕೊಳ್ಳೋಣ. ಕಂಪನಿ ಹಣಕಾಸಿನ ಕಟ್‌ಆಫ್ ಕಳೆದ ಮೂರು ಬಾರಿ 410, 455, 480. ಮಾತುಕತೆ ಕೌಶಲದ್ದು 620, 580, 690. ದತ್ತಾಂಶ ವಿಶ್ಲೇಷಣೆಯದು 150, 0, 210. ಕಾರ್ಮಿಕ ಕಾನೂನಿನದು ಮೂರೂ ಬಾರಿ ಸೊನ್ನೆ.

ಮೊದಲೆರಡನ್ನೂ ಕಳೆದ ಬಾರಿಯ ಬೆಲೆಗೆ ಪಡೆಯಲು 1170 ಬೇಕು, ಅದು ನಿಮ್ಮಲ್ಲಿಲ್ಲ. ಎರಡೂ ಇಷ್ಟ ಎಂದು 500, 500 ಹಾಕಿದರೆ ಕಂಪನಿ ಹಣಕಾಸು ಅಂಚಿನಲ್ಲಿ ತೂಗಾಡುತ್ತದೆ, ಮಾತುಕತೆ ಕೌಶಲ ಕೈತಪ್ಪುವುದು ಬಹುತೇಕ ಖಚಿತ, ಉಳಿದ ಎರಡು ವಿಷಯಗಳಿಗೆ ಏನೂ ಇರುವುದಿಲ್ಲ. ಸಮಪಾಲಿನ ಈ ಹಂಚಿಕೆ ನ್ಯಾಯವಾಗಿ ಕಾಣುತ್ತದೆ, ಅದರಷ್ಟು ನಷ್ಟದ್ದು ಬೇರೊಂದಿಲ್ಲ. ಇಲ್ಲಿ ಆಯ್ಕೆ ಮಾಡಲೇಬೇಕು. ಮಾತುಕತೆ ಕೌಶಲವೇ ಬೇಕೆಂದರೆ ಅದಕ್ಕೆ 741, ದತ್ತಾಂಶ ವಿಶ್ಲೇಷಣೆಗೆ 246, ಕಾರ್ಮಿಕ ಕಾನೂನಿಗೆ 13 ಹಾಕಬಹುದು. ಹಣಕಾಸು ಬೇಕೆಂದರೆ ಅದಕ್ಕೆ 577, ದತ್ತಾಂಶ ವಿಶ್ಲೇಷಣೆಗೆ 342, ಕಾರ್ಮಿಕ ಕಾನೂನಿಗೆ 81 ಹಾಕಿ ಮೂರರಲ್ಲೂ ನೆಮ್ಮದಿಯಾಗಿರಬಹುದು. ನನ್ನನ್ನು ಕೇಳಿದರೆ, ಮಾತುಕತೆ ಕೌಶಲ ಸಿಗದಿದ್ದರೆ ಈ ಸೆಮಿಸ್ಟರ್ ಬರಿದಾಗುತ್ತದೆ ಎನ್ನಿಸುವಷ್ಟು ಅದು ಬೇಕಿಲ್ಲದವರು ಎರಡನೆಯ ದಾರಿಯನ್ನೇ ಹಿಡಿಯಬೇಕು. ಕಟ್‌ಆಫ್ ಬಳಿ ನಿಂತ ಬಿಡ್‌ಗೆ ಹತ್ತು ಪಾಯಿಂಟ್ ಸೇರಿಸಿದರೆ ಗೆಲ್ಲುವ ಸಾಧ್ಯತೆ ಎದ್ದು ಕಾಣುವಂತೆ ಹೆಚ್ಚುತ್ತದೆ. ಕಟ್‌ಆಫ್‌ಗಿಂತ ಬಹಳ ಮೇಲಿರುವ ಬಿಡ್‌ಗೆ ಸೇರಿಸಿದರೆ ಏನೂ ಬದಲಾಗುವುದಿಲ್ಲ.

ಐದನೆಯ ಹೆಜ್ಜೆ: ಒಂದೇ ಸಮಯದ ಎರಡು ಬಿಡ್‌

ಈ ಹೆಜ್ಜೆಯಲ್ಲಿ ಎಡವುವವರು ಬಹಳ. ಟೈಫುನ್ ಸೊನ್ಮೆಝ್ ಮತ್ತು ಉಟ್ಕು ಉನ್ವೆರ್ ಎಂಬ ಅರ್ಥಶಾಸ್ತ್ರಜ್ಞರು ಬಿಸಿನೆಸ್ ಸ್ಕೂಲ್‌ಗಳ ಹರಾಜಿನ ಬಗ್ಗೆ 2010ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಅವರು ಪರಿಶೀಲಿಸಿದವುಗಳಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್‌ನ ಪದ್ಧತಿಯೂ ಇತ್ತು. ಎಲ್ಲರ ಎಲ್ಲ ಬಿಡ್‌ಗಳನ್ನೂ ದೊಡ್ಡದರಿಂದ ಚಿಕ್ಕದಕ್ಕೆ ಒಂದೇ ಸಾಲಿನಲ್ಲಿ ಜೋಡಿಸಿ, ಒಂದೊಂದಾಗಿ ತೆಗೆದು ನೋಡುವುದು ಇಂಥ ಪದ್ಧತಿಯ ಕ್ರಮ. ಆ ತರಗತಿಯಲ್ಲಿ ಸೀಟು ಉಳಿದಿದ್ದು, ಆ ವಿದ್ಯಾರ್ಥಿಯ ವೇಳಾಪಟ್ಟಿಯಲ್ಲಿ ಜಾಗವಿದ್ದರೆ ಸೀಟು ಖಾಯಂ.

ಈಗ ಬೆಳಗಿನ ಹತ್ತು ಗಂಟೆಗೆ ಸಂಖ್ಯಾಶಾಸ್ತ್ರವೂ ಬ್ರ್ಯಾಂಡ್ ನಿರ್ವಹಣೆಯೂ ಇವೆ ಎನ್ನಿ. ನಿಮಗೆ ಹೆಚ್ಚು ಇಷ್ಟ ಸಂಖ್ಯಾಶಾಸ್ತ್ರ. ಅದರ ಕಟ್‌ಆಫ್ 150ರ ಆಸುಪಾಸು ಎಂದು ತಿಳಿದು ಅದಕ್ಕೆ 300 ಹಾಕಿದಿರಿ. ಅದು ತಪ್ಪಿದರೆ ಇರಲಿ ಎಂದು ಬ್ರ್ಯಾಂಡ್ ನಿರ್ವಹಣೆಗೆ 600 ಹಾಕಿದಿರಿ. ಕಂಪ್ಯೂಟರ್ 600ರ ಬಿಡ್ಡನ್ನು ಮೊದಲು ತೆಗೆಯುತ್ತದೆ, ಸೀಟು ಕೊಡುತ್ತದೆ, ಆಮೇಲೆ 300ರ ಸರದಿ ಬಂದಾಗ ಹತ್ತು ಗಂಟೆಯ ಜಾಗ ತುಂಬಿದೆ ಎಂದು ಅದನ್ನು ಬದಿಗಿಡುತ್ತದೆ. ಸಂಖ್ಯಾಶಾಸ್ತ್ರದಲ್ಲಿ 150ಕ್ಕೇ ಸೀಟು ಇದ್ದರೂ ನಿಮಗೆ ಸಿಗುವುದು ಬ್ರ್ಯಾಂಡ್ ನಿರ್ವಹಣೆ. ಸ್ಪರ್ಧೆಯ ಅಂದಾಜಾಗಿ ನೀವು ಬರೆದ ಸಂಖ್ಯೆಯನ್ನೇ ನಿಮ್ಮ ಇಷ್ಟದ ಕ್ರಮವೆಂದೂ ವ್ಯವಸ್ಥೆ ಓದಿತು. ಇಷ್ಟದ ಕ್ರಮವನ್ನು ಬೇರೆಯಾಗಿಯೇ ಬರೆಸಿಕೊಳ್ಳಬೇಕು, ಬಿಡ್ಡನ್ನು ಸೀಟು ಯಾರಿಗೆ ಮೊದಲು ಎಂದು ತೀರ್ಮಾನಿಸಲು ಮಾತ್ರ ಬಳಸಬೇಕು ಎಂಬುದು ಆ ಇಬ್ಬರ ಸಲಹೆ. ನಿಮ್ಮ ಸಂಸ್ಥೆಯಲ್ಲಿ ಅಂಥ ಏರ್ಪಾಡು ಇಲ್ಲದಿದ್ದರೆ ಒಂದೇ ಸಮಯದ ಎರಡು ವಿಷಯಗಳಲ್ಲಿ ಹೆಚ್ಚು ಇಷ್ಟವಾದದ್ದಕ್ಕೇ ದೊಡ್ಡ ಬಿಡ್ ಇರಲಿ, ಇಲ್ಲವೇ ಇನ್ನೊಂದಕ್ಕೆ ಬಿಡ್ ಮಾಡಲೇಬೇಡಿ. ತೆಗೆದುಕೊಳ್ಳಬಹುದಾದ ವಿಷಯಗಳ ಮಿತಿಗಿಂತ ಹೆಚ್ಚು ಬಿಡ್‌ಗಳನ್ನು ಹಾಕಿದಾಗಲೂ ಇದೇ ತೊಂದರೆ ಬರುತ್ತದೆ.

ಹರಾಜು ಬೇಡವೆಂದು ಬೇರೆ ದಾರಿ ಹಿಡಿದವರೂ ಇದ್ದಾರೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಪದ್ಧತಿಯಲ್ಲಿ ವಿದ್ಯಾರ್ಥಿಗಳು ಇಷ್ಟದ ಕ್ರಮವನ್ನು ಮಾತ್ರ ಬರೆದು ಕೊಡುತ್ತಾರೆ. ಸುತ್ತಿಗೊಂದರಂತೆ ಸೀಟು ಹಂಚಿಕೆಯಾಗುತ್ತದೆ, ಒಂದು ಸುತ್ತಿನಲ್ಲಿ ಕೊನೆಯಲ್ಲಿದ್ದವರು ಮುಂದಿನ ಸುತ್ತಿನಲ್ಲಿ ಮೊದಲಿಗರಾಗುತ್ತಾರೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಾರ್ಟನ್ ಸ್ಕೂಲ್ ಹಲವು ವರ್ಷ ಹರಾಜು ನಡೆಸಿ, 2013ರಲ್ಲಿ ಕೋರ್ಸ್ ಮ್ಯಾಚ್ ಎಂಬ ವ್ಯವಸ್ಥೆಗೆ ಬದಲಾಯಿತು. ಅಲ್ಲಿ ವಿದ್ಯಾರ್ಥಿಯು ಪ್ರತಿ ವಿಷಯ ತನಗೆ ಎಷ್ಟು ಬೇಕು ಎಂಬುದನ್ನಷ್ಟೇ ಹೇಳುತ್ತಾನೆ, ಬೆಲೆ ಲೆಕ್ಕ ಹಾಕಿ ಅವನ ಪರವಾಗಿ ವಿಷಯಗಳನ್ನು ಕೊಳ್ಳುವ ಕೆಲಸ ಕಂಪ್ಯೂಟರಿನದು. ಕೋರ್ಸ್ ಮ್ಯಾಚ್‌ನಂಥ ವ್ಯವಸ್ಥೆಯಿರುವ ಕಡೆ ಓದುತ್ತಿರುವವರು ಸ್ಪರ್ಧೆಯ ಅಂದಾಜನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿರುವುದನ್ನೇ ಬರೆಯುವುದು ಒಳ್ಳೆಯದು.

ಫಲಿತಾಂಶದ ನಂತರ

ಮೊದಲ ಸುತ್ತಿನಲ್ಲಿ ಸೋತ ಬಿಡ್‌ನ ಪಾಯಿಂಟ್ ಸಾಮಾನ್ಯವಾಗಿ ಖಾತೆಗೆ ಮರಳುತ್ತದೆ. ಅದನ್ನು ಸಿಟ್ಟಿನಲ್ಲಿ ಅದೇ ವಿಷಯದ ಮೇಲೆ ಪೂರ್ತಿ ಸುರಿಯುವ ಮುನ್ನ ಆ ತರಗತಿಯಲ್ಲಿ ಎಷ್ಟು ಸೀಟು ಉಳಿದಿದೆ ಎಂದು ನೋಡಿ. ಎರಡನೆಯ ಸುತ್ತಿನಲ್ಲಿ ಒಂದೆರಡೇ ಸೀಟುಗಳಿದ್ದು, ಸೋತವರೆಲ್ಲರ ಕೈಯಲ್ಲೂ ಪಾಯಿಂಟ್ ತುಂಬಿದ್ದರೆ ಕಟ್‌ಆಫ್ ಮೊದಲಿಗಿಂತ ಮೇಲೆ ಹೋಗಬಹುದು. ಆಗ ಮೊದಲೇ ಗುರುತಿಸಿಟ್ಟ ಬದಲಿ ವಿಷಯ ಕೆಲಸಕ್ಕೆ ಬರುತ್ತದೆ. ಸೆಮಿಸ್ಟರ್ ಶುರುವಾದ ಮೇಲೆ ಕೆಲವರು ವಿಷಯ ಬಿಡುವುದರಿಂದ ತೆರವಾಗುವ ಸೀಟುಗಳಿಗೆ ನಿಮ್ಮಲ್ಲಿ ಕಾಯುವಿಕೆ ಪಟ್ಟಿಯಿದೆಯೋ ಇನ್ನೊಂದು ಸುತ್ತಿನ ಬಿಡ್ ಇದೆಯೋ ಎಂದು ವಿಚಾರಿಸಿ, ಕೊನೆಯ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಗೆದ್ದ ಸೀಟನ್ನು ನೀವೇ ಬಿಟ್ಟುಕೊಡುವುದಾದರೆ ಪಾಯಿಂಟ್ ಪೂರ್ತಿ ಮರಳುತ್ತದೆಯೋ ಇಲ್ಲವೋ ಎಂಬುದನ್ನು ಬಿಡುವ ಗುಂಡಿ ಒತ್ತುವ ಮೊದಲೇ ಖಚಿತಪಡಿಸಿಕೊಳ್ಳಬೇಕು.